ಯಂತ್ರಗಳ ಊರಿನಲ್ಲೊಂದು ಪಿಯಾನೊ

ಬೆಂಗಳೂರಿನ ಆಡುಗೋಡಿಯ ಕಡೆ ಓಡಾಡಿದವರಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ಗೊತ್ತಿಲ್ಲದೆಯೂ ಗೊತ್ತಿರುವ ಊರು. 1951ರಲ್ಲಿ ಆರಂಭವಾಗಿ, ಮುಂದೆ ಒಂದು ಬಡಾವಣೆಗೇ ತನ್ನ ಹೆಸರು ಕೊಟ್ಟ ಮೈಕೊ ಕಾರ್ಖಾನೆಯ ಬೇರು ಇರುವುದು ಅಲ್ಲಿ. 1886ರ ನವೆಂಬರಿನಲ್ಲಿ ರಾಬರ್ಟ್ ಬಾಷ್ ಒಬ್ಬ ಮೆಕ್ಯಾನಿಕ್‌ನನ್ನೂ ಓಡಾಟಕ್ಕೊಬ್ಬ ಹುಡುಗನನ್ನೂ ಇಟ್ಟುಕೊಂಡು ಸ್ಟುಟ್‌ಗಾರ್ಟಿನಲ್ಲಿ ಒಂದು ಪುಟ್ಟ ವರ್ಕ್‌ಶಾಪ್ ತೆರೆದ. ಆ ವರ್ಷಗಳಲ್ಲೇ ಪಕ್ಕದ ಕಾನ್‌ಷ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ಪೆಟ್ರೋಲ್ ಎಂಜಿನ್ನಿನ ಪ್ರಯೋಗದಲ್ಲಿ ಮುಳುಗಿದ್ದ. ಬೆಂಗಳೂರಿನ ಮೈಕೊ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಡೈಮ್ಲರನ ಕಾರ್ಖಾನೆಯಿಂದ ಮರ್ಸಿಡಿಸ್ ಕಾರು ಬಂತು. ಪೋರ್ಷೆ ಕಾರಿನ ಊರೂ ಇದೇ.

ಇಂಥ ಊರಿನಲ್ಲಿ ಬೆಳೆದ ಹುಡುಗ ಫಿಟ್ಟರ್ ಆದನೆಂದರೆ ಯಾರಿಗೂ ಅಚ್ಚರಿಯಾಗದು. ವೋಲ್ಫ್‌ಗಾಂಗ್ ಡೌನರ್ ಕೂಡ ಆ ಕೆಲಸವನ್ನೇ ಕಲಿತರು. ಆದರೆ 2020ರ ಜನವರಿ 10ರಂದು, 84ನೆಯ ವಯಸ್ಸಿನಲ್ಲಿ, ಹುಟ್ಟಿದೂರಿನಲ್ಲೇ ಅವರು ತೀರಿಕೊಂಡಾಗ ಜರ್ಮನಿ ನೆನೆದದ್ದು ಒಬ್ಬ ಜಾಝ್ ಪಿಯಾನೊ ವಾದಕನನ್ನು, ಒಬ್ಬ ಸಂಗೀತ ಸಂಯೋಜಕನನ್ನು, ಟೀವಿಯ ಮುಂದೆ ಕೂತ ಮಕ್ಕಳಿಗೆ ಸಂಗೀತ ಕಲಿಸಿದ ಒಬ್ಬ ಮೇಷ್ಟ್ರನ್ನು. ಕೈಕಸುಬಿನಿಂದ ಕಲೆಗೆ ಹೋದ ಆ ದಾರಿ ಯಾವುದು ಎಂದು ತಿಳಿಯಬೇಕಾದರೆ ಸ್ಟುಟ್‌ಗಾರ್ಟಿನಲ್ಲಿ ಸ್ವಲ್ಪ ಸುತ್ತಾಡಬೇಕು.

ಅವಶೇಷಗಳ ಗುಡ್ಡ

ಸ್ಟುಟ್‌ಗಾರ್ಟ್ ಒಂದು ಬೋಗುಣಿಯೊಳಗೆ ಕೂತಂತಿರುವ ಊರು. ಸುತ್ತ ಗುಡ್ಡಗಳು, ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳು. ಪೇಟೆಯ ನಡುವಿನಿಂದ ಕತ್ತೆತ್ತಿ ನೋಡಿದರೆ ಸಾಕು, ದ್ರಾಕ್ಷಿ ಬಳ್ಳಿಯ ಸಾಲುಗಳು ಕಾಣುತ್ತವೆ. ಗುಡ್ಡದ ಮನೆಗಳಿಗೆ ಹತ್ತಲು ಊರ ತುಂಬ ನಾನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲ ದಾರಿಗಳಿವೆ. ಊರಿನವರು ಅವನ್ನು ಪ್ರೀತಿಯಿಂದ ‘ಷ್ಟೆಫೆಲೆ’ ಎನ್ನುತ್ತಾರೆ.

ಈ ಗುಡ್ಡಗಳಲ್ಲಿ ಒಂದರ ಕಥೆ ಬೇರೆ. ಅದು ಬಿರ್ಕೆನ್‌ಕೋಫ್. ಎರಡನೆಯ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟಿನ ಮೇಲೆ ಮತ್ತೆ ಮತ್ತೆ ಬಾಂಬು ಬಿತ್ತು. ಹಳೆಯ ಊರು ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಮುರಿದ ಮನೆಗಳ ಕಲ್ಲು, ಇಟ್ಟಿಗೆ, ಕಂಬಗಳನ್ನು ಸಾಗಿಸಿ ಈ ಗುಡ್ಡದ ಮೇಲೆ ಸುರಿದರು. ಗುಡ್ಡ ಸುಮಾರು 40 ಮೀಟರ್ ಎತ್ತರಕ್ಕೆ ಬೆಳೆಯಿತು. ಇಂದು ಅದರ ನೆತ್ತಿ ಸಮುದ್ರ ಮಟ್ಟದಿಂದ 511 ಮೀಟರ್. ಮೇಲೆ ಹತ್ತಿ ನಿಂತರೆ ಕಾಲಬುಡದಲ್ಲಿ ಯಾವುದೋ ಕಟ್ಟಡದ ಕೆತ್ತನೆಯ ತುಂಡುಗಳು ಕಾಣುತ್ತವೆ, ಕಣ್ಣೆದುರಿಗೆ ಇಡೀ ಊರು.

ಡೌನರ್ ಹುಟ್ಟಿದ್ದು 1935ರ ಡಿಸೆಂಬರ್ 30ರಂದು. ಅದಕ್ಕೆ ಎರಡೂವರೆ ತಿಂಗಳು ಮುಂಚೆ, ಅಕ್ಟೋಬರ್ 12ರಂದು, ನಾಟ್ಸಿ ಸರ್ಕಾರದ ಬಾನುಲಿ ಅಧಿಕಾರಿ ಜರ್ಮನಿಯ ರೇಡಿಯೋದಲ್ಲಿ ಜಾಝ್ ಸಂಗೀತವನ್ನು ನಿಷೇಧಿಸಿದ್ದ. ಅಮೆರಿಕದ ಕರಿಯ ಜನರ ನಡುವೆ ಹುಟ್ಟಿ ಬೆಳೆದ ಸಂಗೀತ ಎಂಬುದೇ ಅದರ ಅಪರಾಧ. ಮುಂದೆ ಬದುಕಿಡೀ ತನ್ನದಾಗಲಿದ್ದ ಸಂಗೀತಕ್ಕೆ ಬಾನುಲಿಯ ಬಾಗಿಲು ಮುಚ್ಚಿದ್ದ ನಾಡಿನಲ್ಲಿ ಈ ಮಗು ಕಣ್ಣು ಬಿಟ್ಟಿತು. ಯುದ್ಧ ಮುಗಿದಾಗ ಅದಕ್ಕೆ ಒಂಬತ್ತು ವರ್ಷ.

ಹುಡುಗನನ್ನು ಸಾಕಿದವರು ಹತ್ತಿರದ ಬಂಧುವಾದ ಒಬ್ಬ ಮಹಿಳೆ. ಆಕೆ ಪಿಯಾನೊ ಶಿಕ್ಷಕಿ. ಐದನೆಯ ವಯಸ್ಸಿಗೆ ಮನೆಯಲ್ಲೇ ಪಾಠ ಶುರುವಾಯಿತು. ಹೊರಗೆ ಊರು ಉರಿಯುತ್ತಿದ್ದ ವರ್ಷಗಳಲ್ಲಿ ಕಲಿತ ಆ ಬೆರಳ ಅಭ್ಯಾಸವೇ ಮುಂದಿನ ಎಲ್ಲಕ್ಕೂ ಬಂಡವಾಳ.

ಫಿಟ್ಟರ್ ಪರೀಕ್ಷೆ ಮುಗಿಸಿ

ಯುದ್ಧಾನಂತರದ ಜರ್ಮನಿಯಲ್ಲಿ ಮನೆ ಕಟ್ಟಬೇಕಿತ್ತು, ಕಾರ್ಖಾನೆ ಎಬ್ಬಿಸಬೇಕಿತ್ತು. ಕೈಯಲ್ಲಿ ಕಸುಬಿದ್ದವನಿಗೆ ಅನ್ನಕ್ಕೆ ಚಿಂತೆಯಿರಲಿಲ್ಲ. ಅಲ್ಲಿನ ಕಸುಬಿನ ಶಿಕ್ಷಣದ ಕ್ರಮವನ್ನು ನಮ್ಮ ಐಟಿಐ ವಿದ್ಯಾರ್ಥಿಗಳು ತಿಳಿದುಕೊಳ್ಳುವುದು ಒಳ್ಳೆಯದು. ಹುಡುಗ ವಾರದ ಹೆಚ್ಚಿನ ದಿನ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಾನೆ. ಉಳಿದ ಒಂದೆರಡು ದಿನ ಕಸುಬಿನ ಶಾಲೆಯಲ್ಲಿ ಲೆಕ್ಕ, ನಕ್ಷೆ, ಲೋಹಗಳ ಗುಣ ಓದುತ್ತಾನೆ. ಕೊನೆಗೆ ಪರೀಕ್ಷೆ, ಪ್ರಮಾಣಪತ್ರ. ಕಲಿಯುವಾಗಲೇ ಸ್ವಲ್ಪ ಸಂಬಳವೂ ಉಂಟು. ಡೌನರ್ ಈ ಕ್ರಮದಲ್ಲಿ ಯಂತ್ರಗಳ ಫಿಟ್ಟರ್ ಕೆಲಸ ಕಲಿತರು. ಅರ, ವೈಸ್, ಅಳತೆಯ ಕ್ಯಾಲಿಪರ್ ಹಿಡಿದ ಕೈಯೇ ಸಂಜೆ ಪಿಯಾನೊ ಮುಟ್ಟುವ ಕೈ.

ಆ ಸಂಜೆಗಳಿಗೆ ಬೇಕಾದ ಸಂಗೀತ ಗಾಳಿಯಲ್ಲೇ ತೇಲಿ ಬರುತ್ತಿತ್ತು. 1945ರ ಬೇಸಿಗೆಯಲ್ಲಿ ಸ್ಟುಟ್‌ಗಾರ್ಟ್ ಅಮೆರಿಕದ ಸೇನೆಯ ಕೈಗೆ ಬಂತು. ಸೈನಿಕರಿಗಾಗಿ ನಡೆಯುತ್ತಿದ್ದ ಅಮೆರಿಕನ್ ರೇಡಿಯೋ ಜಾಝ್ ಪ್ರಸಾರ ಮಾಡುತ್ತಿತ್ತು. ಸೈನಿಕರ ಕ್ಲಬ್ಬುಗಳಲ್ಲಿ ನುಡಿಸಬಲ್ಲವರಿಗೆ ಕೆಲಸವಿತ್ತು. ನಿನ್ನೆಯವರೆಗೆ ಕೇಳಬಾರದಾಗಿದ್ದ ಸಂಗೀತಕ್ಕೆ ಜರ್ಮನ್ ಹುಡುಗರು ಕಿವಿಗೊಟ್ಟು ಕೂತರು.

ಜಾಝ್ ಎಂದರೇನು? ನಮ್ಮ ಸಂಗೀತ ಬಲ್ಲವರಿಗೆ ಹೇಳುವುದು ಸುಲಭ. ಒಂದು ಕೃತಿಯನ್ನು ಎತ್ತಿಕೊಂಡು, ಅದರ ಚೌಕಟ್ಟಿನೊಳಗೆ ಅಲ್ಲೇ, ಆಗಲೇ ಕಲ್ಪಿಸಿ ನುಡಿಸುವ ಮನೋಧರ್ಮ ಅದರ ಜೀವ. ಆದರೆ ಚೌಕಟ್ಟು ರಾಗದ್ದಲ್ಲ. ಒಂದಾದ ಮೇಲೊಂದು ಬರುವ ಸ್ವರಗುಚ್ಛಗಳದ್ದು. ತಾಳವಾದ್ಯ, ಬೇಸ್, ಪಿಯಾನೊ ಮೂವರೂ ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡುತ್ತ ಸಾಗಬೇಕು. ಇದನ್ನು ಪುಸ್ತಕದಿಂದ ಕಲಿಯುವುದು ಕಷ್ಟ. ಕೇಳಿ, ಜೊತೆಗೆ ಕೂತು ನುಡಿಸಿ, ತಪ್ಪಿ, ತಿದ್ದಿಕೊಂಡೇ ಕಲಿಯಬೇಕು.

ಡೌನರ್ ಕಾರ್ಖಾನೆಯ ದಾರಿ ಬಿಟ್ಟು ವೃತ್ತಿಪರ ವಾದಕರಾದರು. 1958ರ ಸುಮಾರಿಗೆ ಸ್ಟುಟ್‌ಗಾರ್ಟಿನ ಸರ್ಕಾರಿ ಸಂಗೀತ ಕಾಲೇಜು ಸೇರಿ ಸಂಯೋಜನೆ, ಪಿಯಾನೊ, ಟ್ರಂಪೆಟ್ ಅಭ್ಯಾಸ ಮಾಡಿದರು. ಆ ಕಾಲೇಜಿಗೆ ಈಗ ಪೇಟೆಯ ನಡುವೆ, ಚಿತ್ರಶಾಲೆಯ ಪಕ್ಕದಲ್ಲಿ, ಬ್ರಿಟಿಷ್ ವಾಸ್ತುಶಿಲ್ಪಿ ಜೇಮ್ಸ್ ಸ್ಟರ್ಲಿಂಗ್ ವಿನ್ಯಾಸಗೊಳಿಸಿದ ಗೋಪುರದಂಥ ಕಟ್ಟಡವಿದೆ. ಅದರೊಳಗೆ ಜಾಝ್ ವಿಭಾಗವೇ ಉಂಟು. ಡೌನರ್ ಓದುವಾಗ ಜಾಝ್‌ನ ಪಾಠ ನಡೆಯುತ್ತಿದ್ದದ್ದು ಕಾಲೇಜಿನ ಹೊರಗೆ, ರಾತ್ರಿಯ ಹೊತ್ತು.

ಮೂವರು ಗೆಳೆಯರು, ಒಂದು ರೇಡಿಯೋ

1960ರ ದಶಕದ ಆರಂಭದಲ್ಲಿ ಡೌನರ್ ಕಟ್ಟಿದ ಮೂವರ ತಂಡ ಆ ಕಾಲದ ಸ್ಟುಟ್‌ಗಾರ್ಟಿನ ಕನ್ನಡಿಯಂತಿದೆ. ಬೇಸ್ ನುಡಿಸುತ್ತಿದ್ದ ಎಬರ್‌ಹಾರ್ಡ್ ವೇಬರ್ 1940ರಲ್ಲಿ ಅದೇ ಊರಿನಲ್ಲಿ ಹುಟ್ಟಿದವರು; ಬಹಳ ವರ್ಷ ಟೀವಿ ಮತ್ತು ನಾಟಕದ ನಿರ್ದೇಶನ ಮಾಡಿಕೊಂಡು, ಬಿಡುವಿನಲ್ಲಿ ಬೇಸ್ ನುಡಿಸುತ್ತಿದ್ದರು. ಡ್ರಮ್ಸ್‌ನ ಫ್ರೆಡ್ ಬ್ರೇಸ್‌ಫುಲ್ ಅಮೆರಿಕದ ಡೆಟ್ರಾಯಿಟ್‌ನವರು. ಸೈನಿಕನಾಗಿ ಬಂದು ಜರ್ಮನಿಯಲ್ಲೇ ನೆಲೆಸಿದ ಕರಿಯ ಕಲಾವಿದ. ಫಿಟ್ಟರ್, ನಿರ್ದೇಶಕ, ಮಾಜಿ ಸೈನಿಕ – ಮೂವರೂ ಸೇರಿ 1964ರಲ್ಲಿ ‘ಡ್ರೀಮ್ ಟಾಕ್’ ಎಂಬ ಧ್ವನಿಮುದ್ರಿಕೆ ತಂದರು.

ಇಂಥ ಸಂಗೀತದಿಂದ ಹೊಟ್ಟೆ ತುಂಬುವುದು ಹೇಗೆ? ಯಾವ ತಂದೆ ತಾಯಿಯೂ ಮೊದಲು ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದದ್ದು ಕೂಡ. ಜರ್ಮನಿಯಲ್ಲಿ ಉತ್ತರದ ದೊಡ್ಡ ಭಾಗ ರೇಡಿಯೋ. ಯುದ್ಧದ ನಂತರ ಪ್ರಸಾರವನ್ನು ಸರ್ಕಾರದ ಕೈಯಿಂದ ಬಿಡಿಸಿ, ಜನ ಕಟ್ಟುವ ಶುಲ್ಕದಿಂದ ನಡೆಯುವ ಪ್ರಾದೇಶಿಕ ಸಂಸ್ಥೆಗಳಿಗೆ ವಹಿಸಲಾಯಿತು. ಸ್ಟುಟ್‌ಗಾರ್ಟಿನದು ‘ಸ್ಯೂಡ್‌ಡಾಯ್ಚರ್ ರುಂಡ್‌ಫುಂಕ್’, ಅಂದರೆ ದಕ್ಷಿಣ ಜರ್ಮನ್ ಬಾನುಲಿ. ನಮ್ಮ ಆಕಾಶವಾಣಿಯ ನಿಲಯ ಕಲಾವಿದರಂತೆ ಅಲ್ಲಿಯೂ ವಾದ್ಯವೃಂದಗಳಿದ್ದವು. ಎರ್ವಿನ್ ಲೇನ್ 1951ರಲ್ಲಿ ಕಟ್ಟಿದ ನೃತ್ಯ ವಾದ್ಯವೃಂದ ಮನೆಮಾತಾಗಿತ್ತು. ರಾಜಕುಮಾರನಿಗಾಗಿ 19ನೆಯ ಶತಮಾನದಲ್ಲಿ ಕಟ್ಟಿ, ಯುದ್ಧದಲ್ಲಿ ಹಾಳಾಗಿದ್ದ ವಿಲ್ಲಾ ಬೆರ್ಗ್ ಎಂಬ ಅರಮನೆಯನ್ನು ದುರಸ್ತಿ ಮಾಡಿ ಬಾನುಲಿಯವರು ಸಂಗೀತ ಭವನ ಮಾಡಿಕೊಂಡಿದ್ದರು. ಉದ್ಯಾನದ ನಡುವೆ ಆ ಕಟ್ಟಡ ಈಗಲೂ ನಿಂತಿದೆ. ಬಾನುಲಿ ಸಂಸ್ಥೆ ಮಾತ್ರ 1998ರಲ್ಲಿ ನೆರೆಯ ಸಂಸ್ಥೆಯೊಡನೆ ವಿಲೀನವಾಯಿತು.

1969ರಲ್ಲಿ ಈ ಬಾನುಲಿಯ ಜಾಝ್ ತಂಡದ ಹೊಣೆ ಡೌನರ್‌ಗೆ ಬಂತು. ನಾಟಕ, ಸಿನಿಮಾ, ಟೀವಿಗಳಿಗೂ ಅವರು ಸಂಗೀತ ಬರೆದರು. ಒಂದೇ ಬಾವಿಯ ನೀರು ನೆಚ್ಚಿ ಕೂತವರಲ್ಲ ಅವರು.

ರೇಡಿಯೋ ಅನ್ನ ಕೊಟ್ಟಿತು. ಅದರ ಜೊತೆಗೇ ಹುಚ್ಚಾಟಕ್ಕೂ ಜಾಗ ಸಿಕ್ಕಿತು. 1970ರಲ್ಲಿ ಅವರು ‘ಎಟ್ ಸೆಟೆರಾ’ ಎಂಬ ತಂಡ ಕಟ್ಟಿ, ಜಾಝ್ ಮತ್ತು ರಾಕ್ ಸಂಗೀತಗಳನ್ನು ಬೆರೆಸಿದರು. ರಿಂಗ್ ಮಾಡ್ಯುಲೇಟರ್ ಎಂಬ ಸಾಧನದ ಮೂಲಕ ವಾದ್ಯದ ಸ್ವರವನ್ನು ಹಾಯಿಸಿದರೆ ಅದು ಗಂಟೆಯಂತೆಯೋ ತಗಡು ತಟ್ಟಿದಂತೆಯೋ ಕೇಳುತ್ತದೆ. ಡೌನರ್ ಇಂಥವನ್ನೂ ಸಿಂಥಸೈಜರ್‌ಗಳನ್ನೂ ಜರ್ಮನಿಯಲ್ಲಿ ಮೊದಮೊದಲಿಗೆ ಕೈಗೆತ್ತಿಕೊಂಡ ಜಾಝ್ ವಾದಕರಲ್ಲಿ ಒಬ್ಬರು. ಫಿಟ್ಟರ್ ಆಗಿ ಕಲಿತದ್ದೇ ಇದಕ್ಕೆ ಕಾರಣ ಎಂದುಬಿಡುವುದು ಅವಸರವಾದೀತು. ಆದರೆ ಪಿಯಾನೊ ಕೂಡ ಒಂದು ಯಂತ್ರವೇ ಎಂಬುದು ನಿಜ: 88 ಕೀಲಿಗಳು, ಇನ್ನೂರಕ್ಕೂ ಹೆಚ್ಚು ತಂತಿಗಳು, ಆ ತಂತಿಗಳ ಟನ್‌ಗಟ್ಟಲೆ ಸೆಳೆತವನ್ನು ತಡೆದುಕೊಳ್ಳುವ ಎರಕದ ಕಬ್ಬಿಣದ ಚೌಕಟ್ಟು. ಯಂತ್ರಕ್ಕೆ ಹೆದರದ ಕೈ ಅದರ ಒಳಕ್ಕೂ ಇಳಿಯುತ್ತದೆ.

ಟೀವಿಯಲ್ಲಿ ಪಾಠ

ಜರ್ಮನ್ ಆಡುಮಾತಿನಲ್ಲಿ ಟೀವಿ ಪೆಟ್ಟಿಗೆಗೆ ‘ಗ್ಲೋಟ್ಸೆ’ ಎನ್ನುತ್ತಾರೆ. ಬಾಯಿ ಬಿಟ್ಟುಕೊಂಡು ನೋಡುವ ಪೆಟ್ಟಿಗೆ ಎಂಬ ಹಾಸ್ಯ ಅದರಲ್ಲಿದೆ. 1970ರ ದಶಕದಲ್ಲಿ ಡೌನರ್ ಮಕ್ಕಳಿಗಾಗಿ ಮಾಡಿದ ಟೀವಿ ಸಂಗೀತ ಸರಣಿಯ ಹೆಸರು ‘ಗ್ಲೋಟ್ಸ್‌ಮ್ಯೂಸಿಕ್’. ಹಿರಿಯರು ಮಕ್ಕಳನ್ನು ಬೈಯಲು ಬಳಸುವ ಮಾತನ್ನೇ ಪಾಠದ ಹೆಸರಾಗಿಸಿದ ಚೇಷ್ಟೆ ಅದು. ಸಂಗೀತಗಾರ ಪ್ರಾಧ್ಯಾಪಕನಾದರೆ ಒಂದು ತರಗತಿಗೆ ಕಲಿಸಬಹುದು. ಟೀವಿ ಎದುರಿನ ನೆಲದ ಮೇಲೆ ಕೂತ ಮಕ್ಕಳ ತರಗತಿಗೆ ಗೋಡೆಯೇ ಇಲ್ಲ. ಪಿಯಾನೊ ಇಲ್ಲದ ಮನೆಗೂ ಪಿಯಾನೊ ಹೋಗಿ ಬಂತು.

ಇನ್ನೊಂದು ಟೀವಿ ಕಾರ್ಯಕ್ರಮ ಅವರ ವೃತ್ತಿಯ ದಿಕ್ಕನ್ನೇ ಬದಲಿಸಿತು. ನಿರ್ದೇಶಕ ವೆರ್ನರ್ ಷ್ರೆಟ್ಸ್‌ಮೈಯರ್ 1975ರಲ್ಲಿ ಯುವಜನರಿಗಾಗಿ ‘ಎಲ್ಫ್‌ಐನ್‌ಹಾಲ್ಬ್’ (ಹನ್ನೊಂದೂವರೆ) ಎಂಬ ಕಾರ್ಯಕ್ರಮ ನಡೆಸುತ್ತಿದ್ದರು. ಅದರಲ್ಲಿ ನುಡಿಸಲು ಡೌನರ್ ಒಂದು ತಂಡ ಸೇರಿಸಿದರು. ಊದಿಕೊಂಡೇ ಹಾಡಿ ಒಂದು ಟ್ರಂಬೋನಿನಿಂದ ಹಲವು ಸ್ವರ ಹೊರಡಿಸುತ್ತಿದ್ದ ಫ್ರಾಂಕ್‌ಫರ್ಟಿನ ಆಲ್ಬರ್ಟ್ ಮಾಂಗೆಲ್ಸ್‌ಡಾರ್ಫ್. ಸಮಾಜಶಾಸ್ತ್ರ ಓದಿ, ವ್ಯಂಗ್ಯಚಿತ್ರವನ್ನೂ ಬರೆಯುತ್ತಿದ್ದ ಗಿಟಾರಿಸ್ಟ್ ಫೋಲ್ಕರ್ ಕ್ರೀಗೆಲ್. ಬ್ರಿಟನ್ನಿನ ಬಾರ್ಬರಾ ಥಾಂಪ್ಸನ್, ಜಾನ್ ಹೈಸ್‌ಮನ್, ಇಯಾನ್ ಕಾರ್. ಹಾಲೆಂಡಿನ ಆಕ್ ಫಾನ್ ರೋಯೆನ್. ಹಳೆಯ ಗೆಳೆಯ ವೇಬರ್. ಬಹುಪಾಲು ಎಲ್ಲರೂ ಬೇರೆ ಬೇರೆ ತಂಡಗಳ ನಾಯಕರು. ‘ನಾಯಕರ ತಂಡ’ ಎಂದೇ ಪತ್ರಿಕೆಗಳು ಕರೆದ ಈ ಕೂಟದ ಹೆಸರು ಯುನೈಟೆಡ್ ಜಾಝ್ ಅಂಡ್ ರಾಕ್ ಎನ್ಸೆಂಬಲ್. ಟೀವಿ ಕಾರ್ಯಕ್ರಮ ನಿಂತಿತು, ತಂಡ ಮಾತ್ರ 2002ರ ವಿದಾಯದ ಪ್ರವಾಸದವರೆಗೆ ನಡೆಯಿತು. ಡೌನರ್ ತಮ್ಮ ಜನ್ಮರಾಶಿಯ ಹೆಸರಿರುವ ‘ಮಕರ ಸಂಕ್ರಾಂತಿ ವೃತ್ತ’ವನ್ನೂ ಈ ತಂಡಕ್ಕಾಗಿ ಬರೆದರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವ್ಯವಹಾರದ ಮಾತಿದೆ. ಸಾಮಾನ್ಯವಾಗಿ ಧ್ವನಿಮುದ್ರಿಕೆಯ ಹಕ್ಕು ಕಂಪೆನಿಯದು. ನುಡಿಸಿದವನಿಗೆ ಬರುವುದು ಸಣ್ಣ ಪಾಲು. 1977ರಲ್ಲಿ ಡೌನರ್, ಮಾಂಗೆಲ್ಸ್‌ಡಾರ್ಫ್, ಕ್ರೀಗೆಲ್, ಫಾನ್ ರೋಯೆನ್, ಷ್ರೆಟ್ಸ್‌ಮೈಯರ್ ಸೇರಿ ‘ಮೂಡ್ ರೆಕಾರ್ಡ್ಸ್’ ಎಂಬ ಸ್ವಂತ ಸಂಸ್ಥೆ ತೆರೆದರು. ಸ್ಟುಟ್‌ಗಾರ್ಟಿನ ಹೆಸ್ಲಾಖ್ ಬಡಾವಣೆಯ ಷ್ಯೂಟ್ಸೆನ್‌ಹೌಸ್‌ನಲ್ಲಿ ಜನರೆದುರೇ ಮುದ್ರಿಸಿದ ತಂಡದ ಮೊದಲ ಮುದ್ರಿಕೆ ಜರ್ಮನಿಯಲ್ಲಿ ಅತಿ ಹೆಚ್ಚು ಮಾರಾಟವಾದ ಜಾಝ್ ಮುದ್ರಿಕೆಗಳ ಸಾಲಿಗೆ ಸೇರಿತು. ಬಾಷ್, ಡೈಮ್ಲರರಂತೆ ಸಣ್ಣದಾಗಿ ಸ್ವಂತ ಅಂಗಡಿ ತೆರೆಯುವ ಊರಿನ ಗುಣ ಸಂಗೀತಗಾರರಿಗೂ ಅಂಟಿತ್ತು.

ಬೆಂಗಳೂರಿನ ಮೃದಂಗ

ಕೆಲ ಕಾಲದ ನಂತರ ಈ ತಂಡಕ್ಕೆ ಬಂದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅಮೆರಿಕದ ಬಾಸ್ಟನ್‌ನವರು. ನಾಗಸ್ವರದ ನಾದಕ್ಕೆ ಮನಸೋತು ಭಾರತದಲ್ಲಿ ಅದನ್ನು ಕಲಿತವರು. ಕೊನೆಗೆ ಜರ್ಮನಿಯ ಕಲೋನ್‌ನಲ್ಲಿ ನೆಲೆಸಿದರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮರಿಯಾನೊ ಬಹುಕಾಲ ನುಡಿಸಿದರು.

ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಉತ್ತರಕ್ಕೆ ಸ್ವಲ್ಪ ಹೊತ್ತು ಹೋದರೆ ಲುಡ್ವಿಗ್ಸ್‌ಬರ್ಗ್. ದೊಡ್ಡ ಅರಮನೆಯಿರುವ ಸಣ್ಣ ಊರು. ಅಲ್ಲಿನ ಬೌವರ್ ಸ್ಟುಡಿಯೋ ಯುರೋಪಿನ ಜಾಝ್ ವಲಯದಲ್ಲಿ ಹೆಸರಾದದ್ದು. ಡೌನರ್ ಅವರ ‘ಔಟ್‌ಪುಟ್’ 1970ರಲ್ಲಿ ಮುದ್ರಣವಾದದ್ದು ಅಲ್ಲಿ. 1983ರಲ್ಲಿ ಅದೇ ಸ್ಟುಡಿಯೋದಲ್ಲಿ ಆರ್.ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜಿರ, ಕೊನ್ನಕೋಲುಗಳೊಡನೆ ಮರಿಯಾನೊ ನುಡಿಸಿದ ‘ಜ್ಯೋತಿ’ ಸಿದ್ಧವಾಯಿತು. ಸ್ಟುಟ್‌ಗಾರ್ಟಿನ ಯಂತ್ರ ಬೆಂಗಳೂರಿಗೆ ಬಂದದ್ದು ಎಲ್ಲರಿಗೂ ಗೊತ್ತು. ಬೆಂಗಳೂರಿನ ತಾಳ ಸ್ಟುಟ್‌ಗಾರ್ಟಿನ ನೆರೆಗೆ ಹೋದದ್ದು ಅಷ್ಟಾಗಿ ಗೊತ್ತಿಲ್ಲ.

ಕಾರ್ಖಾನೆಯೊಳಗೆ ರಂಗಮಂದಿರ

ಸ್ಟುಟ್‌ಗಾರ್ಟಿಗೆ ಹೋದವರು ಕಾನ್‌ಷ್ಟಾಟ್‌ನ ಮರ್ಸಿಡಿಸ್ ಮ್ಯೂಸಿಯಮ್, ಜುಫೆನ್‌ಹೌಸೆನ್‌ನ ಪೋರ್ಷೆ ಮ್ಯೂಸಿಯಮ್ ನೋಡದೆ ಬರುವುದಿಲ್ಲ. ಎರಡರ ನಡುವೆ ಪ್ರಾಗ್‌ಸಾಟೆಲ್ ಎಂಬ ನಿಲ್ದಾಣದಲ್ಲಿ ಟ್ರಾಮ್ ಇಳಿದರೆ ‘ಥಿಯೇಟರ್‌ಹೌಸ್’ ಹತ್ತಿರ. ಷ್ರೆಟ್ಸ್‌ಮೈಯರ್ ಮತ್ತು ಜೊತೆಗಾರರು 1985ರಲ್ಲಿ ಬೇರೊಂದು ಕಡೆ ಆರಂಭಿಸಿದ ಈ ಕಲಾಕೇಂದ್ರ 2003ರಲ್ಲಿ ಇಲ್ಲಿಗೆ ಬಂತು. ಕಟ್ಟಡ 1920ರ ದಶಕದ ಕಾರ್ಖಾನೆಯ ಷೆಡ್ಡು. ಕ್ರೇನು, ಲೇತುಗಳಿದ್ದ ಜಾಗದಲ್ಲಿ ಈಗ ನಾಟಕ, ನೃತ್ಯ, ಸಂಗೀತಕ್ಕೆ ಹಲವು ಸಭಾಂಗಣಗಳು. ಈಸ್ಟರ್ ರಜೆಯ ಹೊತ್ತಿಗೆ ಇಲ್ಲಿ ನಡೆಯುವ ಜಾಝ್ ಉತ್ಸವ ಪ್ರಸಿದ್ಧ. ಡೌನರ್‌ಗೆ ಇದು ಮನೆಯಂಗಳವೇ ಆಗಿತ್ತು. ಪೇಟೆಯ ನಡುವೆ, ಲಿಯೋನಾರ್ಡ್ ಚೌಕದ ಹಳೆಯ ಕಟ್ಟಡವೊಂದರಲ್ಲಿ, 2006ರಲ್ಲಿ ಆರಂಭವಾದ ‘ಬಿಕ್ಸ್’ ಜಾಝ್ ಕ್ಲಬ್ ಇದೆ.

ಡೌನರ್ ಅವರ ಮಗ ಫ್ಲೋರಿಯಾನ್ ಡ್ರಮ್ಸ್ ವಾದಕ. ಜರ್ಮನ್ ಭಾಷೆಯ ರ‍್ಯಾಪ್ ಸಂಗೀತವನ್ನು ಜನಪ್ರಿಯಗೊಳಿಸಿದ ಸ್ಟುಟ್‌ಗಾರ್ಟಿನದೇ ತಂಡ ‘ಡೀ ಫಾಂಟಾಸ್ಟಿಷೆನ್ ಫೀರ್’ ಜೊತೆ ನುಡಿಸಿ ಹೆಸರಾದವರು. ಅಪ್ಪ ಶುರು ಮಾಡಿದ ದಾರಿ ಮಗನಲ್ಲಿ ಬೇರೆ ದಿಕ್ಕಿಗೆ ತಿರುಗಿತು. ಆದರೆ ಅಪ್ಪ ಮಗ ಒಂದೇ ವೇದಿಕೆಯಲ್ಲಿ ಕೂತು ನುಡಿಸಿದ್ದೂ ಉಂಟು.

ಇಲ್ಲಿನ ಕಾಲೇಜಿನಲ್ಲಿ ಸಂಗೀತ ಓದಬೇಕೆನ್ನುವವರಿಗೆ ಎರಡು ಮಾತು. ಪ್ರವೇಶಕ್ಕೆ ಅಂಕಪಟ್ಟಿಗಿಂತ ಮುಖ್ಯವಾದದ್ದು ನುಡಿಸಿ ತೋರಿಸುವ ಪರೀಕ್ಷೆ. ಜರ್ಮನ್ ಭಾಷೆಯೂ ಬೇಕು. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದಿಂದ ಯುರೋಪಿನ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕ ಗೊತ್ತುಮಾಡಿತು. ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮವನ್ನು ಕಾಲೇಜಿನಿಂದಲೇ ಕೇಳಿ ತಿಳಿಯುವುದು ಕ್ಷೇಮ.

ಪಿಯಾನೊ ಕಲಿಸುವ ಒಬ್ಬ ಹಿರಿಯರು ಮನೆಯಲ್ಲಿದ್ದರು. ಕೈಗೆ ಕಸುಬು ಕಲಿಸುವ ವ್ಯವಸ್ಥೆ ಊರಿನಲ್ಲಿತ್ತು. ಹೊಸದನ್ನು ನುಡಿಸಲು ಬಿಡುವ ರೇಡಿಯೋ ಇತ್ತು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಡೌನರ್ ಅವರ ಕಥೆ ಬೇರೆಯಾಗುತ್ತಿತ್ತು. ಎಂಜಿನಿಯರಿಂಗೋ ಸಂಗೀತವೋ ಎಂದು ಮನೆಯಲ್ಲಿ ಜಗಳ ಎದ್ದಾಗ ಈ ಫಿಟ್ಟರನ ಬದುಕನ್ನು ಇಬ್ಬರೂ ತಮ್ಮ ಪರವಾಗಿ ಎತ್ತಿ ತೋರಿಸಬಹುದು. ಕಸುಬನ್ನು ಪೂರ್ತಿ ಕಲಿತು ಮುಗಿಸಿದ ಎಂದು ಅಪ್ಪ ಅಮ್ಮ ಹೇಳಲಿ. ಆಮೇಲೆ ಪಿಯಾನೊದ ಮುಂದೆ ಹೋಗಿ ಕೂತ ಎಂದು ಮಕ್ಕಳು ಹೇಳಲಿ.